ಅಂದಿನ 150 ಪಿಎಸ್, ಇಂದಿನ 150 ಪಿಎಸ್: ರಸ್ತೆಯ ಮೇಲೆ ಯಾವ ಸೆಡಾನ್ ಬೇಗ ಓಡುತ್ತದೆ, ಯಾಕೆ?

2025ರ ಅಕ್ಟೋಬರಿನಲ್ಲಿ ಸ್ಕೋಡಾ ಕಂಪನಿ ಹೊಸ ಆಕ್ಟೇವಿಯಾ ಆರ್‌ಎಸ್ ಕಾರನ್ನು ಭಾರತಕ್ಕೆ ತಂದಿತು. ಬರೀ 100 ಕಾರು, ಬೆಲೆ ಹತ್ತಿರ ಹತ್ತಿರ 50 ಲಕ್ಷ. ಅಷ್ಟು ದುಡ್ಡು ಎಲ್ಲರ ಹತ್ತಿರ ಇರಲ್ಲ, ಅಲ್ವಾ? ಹಾಗಾಗಿ ಪುಣೆಯಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಈಗ ಇದೇ ಮಾತು. ಒಬ್ಬರು 2004ರ ಆಸುಪಾಸಿನ ಹಳೆಯ ಆಕ್ಟೇವಿಯಾ ವಿಆರ್‌ಎಸ್ ಹುಡುಕುತ್ತಿದ್ದಾರೆ. ಇನ್ನೊಬ್ಬರು ಇಲ್ಲೇ ಚಾಕಣ್‌ನಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ತಗೊಳ್ಳೋಣ ಅನ್ನುತ್ತಾರೆ. ಎರಡರ ಕಾಗದ ತೆಗೆದು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಹಳೆಯದರ 1.8 ಲೀಟರ್ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು) ಎಂಜಿನ್‌ಗೆ ಭಾರತದಲ್ಲಿ 150 ಪಿಎಸ್ (ಪಿಎಸ್ ಅಂದರೆ ಕುದುರೆಶಕ್ತಿ, ಪವರ್ ಅಳೆಯುವ ಲೆಕ್ಕ; ಯುರೋಪಿನಲ್ಲಿ ಇದೇ ಹೆಸರಿನ ಕಾರಿಗೆ 180 ಇತ್ತು), ಹೊಸದರ 1.5 ಲೀಟರ್ ಟರ್ಬೊಗೂ 150 ಪಿಎಸ್. ಇಪ್ಪತ್ತು ವರ್ಷದ ಅಂತರ, ಪವರ್ ಮಾತ್ರ ಒಂದೇ.

ಹಾಗಾದರೆ ಎರಡೂ ಒಂದೇ ವೇಗದಲ್ಲಿ ಮುಂದೆ ನುಗ್ಗಬೇಕಲ್ಲ? ನುಗ್ಗುವುದಿಲ್ಲ. ಯಾಕೆ ಅನ್ನುವುದನ್ನು ಮೊದಲಿನಿಂದ ನೋಡೋಣ. ಎಂಜಿನಿಯರಿಂಗ್ ಓದಿರಬೇಕು ಅಂತೇನಿಲ್ಲ.

ಪವರ್ ಅಂದರೇನು, ಟಾರ್ಕ್ ಅಂದರೇನು

ಬಾವಿಯಿಂದ ನೀರು ಸೇದುವುದನ್ನು ನೆನಪಿಸಿಕೊಳ್ಳಿ. ಒಂದು ಎಳೆತಕ್ಕೆ ಎಷ್ಟು ಭಾರದ ಕೊಡ ಎತ್ತಬಲ್ಲಿರಿ ಅನ್ನುವುದು ಟಾರ್ಕ್. ಒಂದು ನಿಮಿಷದಲ್ಲಿ ಒಟ್ಟು ಎಷ್ಟು ನೀರು ಮೇಲೆ ತಂದಿರಿ ಅನ್ನುವುದು ಪವರ್. ಸಣ್ಣ ಕೊಡ ಹಿಡಿದು ಸರಸರ ಸೇದಿದರೂ ತೊಟ್ಟಿ ತುಂಬುತ್ತದೆ, ದೊಡ್ಡ ಕೊಡ ಹಿಡಿದು ನಿಧಾನ ಸೇದಿದರೂ ತುಂಬುತ್ತದೆ.

ಎಂಜಿನ್ ಕೂಡ ಹೀಗೇ. ಟಾರ್ಕ್ ಎಷ್ಟಿದೆ ಮತ್ತು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ (ಇದನ್ನೇ ಆರ್‌ಪಿಎಂ ಅನ್ನುವುದು), ಎರಡನ್ನೂ ಗುಣಿಸಿದರೆ ಪವರ್ ಸಿಗುತ್ತದೆ. ಕಾರಿನ ಕಾಗದದಲ್ಲಿ ಬರೆದಿರುವ 150 ಪಿಎಸ್ ಅನ್ನುವುದು ಯಾವುದೋ ಒಂದು ಆರ್‌ಪಿಎಂನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಮಾತ್ರ ಸಿಗುವ ಗರಿಷ್ಠ ಲೆಕ್ಕ. ಉಳಿದ ಹೊತ್ತಿನಲ್ಲಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಕಾಣೆಯಾಗುವ ನಾಲ್ಕೂವರೆ ಸೆಕೆಂಡು

ಒಂದು ಸಣ್ಣ ಲೆಕ್ಕ ಮಾಡೋಣ. ಚಾಲಕನೂ ಸೇರಿ 1,300 ಕೆಜಿ ತೂಗುವ ಕಾರನ್ನು ನಿಂತಲ್ಲಿಂದ ಗಂಟೆಗೆ 100 ಕಿಮೀ ವೇಗಕ್ಕೆ ತರಲು ಸುಮಾರು 5 ಲಕ್ಷ ಜೂಲ್ ಶಕ್ತಿ ಬೇಕು. 150 ಪಿಎಸ್ ಅಂದರೆ 110 ಕಿಲೋವ್ಯಾಟ್, ಅಂದರೆ ಸೆಕೆಂಡಿಗೆ 1 ಲಕ್ಷ 10 ಸಾವಿರ ಜೂಲ್. ಭಾಗಿಸಿ ನೋಡಿ. ನಾಲ್ಕೂವರೆ ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು! ಆದರೆ ಇಂಥ ಕಾರು ನಿಜವಾಗಿ ತೆಗೆದುಕೊಳ್ಳುವುದು 9 ಸೆಕೆಂಡಿನ ಆಸುಪಾಸು. ಉಳಿದ ನಾಲ್ಕೂವರೆ ಸೆಕೆಂಡು ಎಲ್ಲಿ ಹೋಯಿತು?

ಹಳೆಯ ಕಾರು ಮತ್ತು ಹೊಸ ಕಾರಿನ ನಡುವಿನ ವ್ಯತ್ಯಾಸವೆಲ್ಲ ಈ ಪ್ರಶ್ನೆಯಲ್ಲೇ ಇದೆ ಅಂತ ನನಗನ್ನಿಸುತ್ತದೆ. ಎಂಜಿನ್ ಹುಟ್ಟಿಸುವ ಶಕ್ತಿ ಒಂದೇ ಇರಬಹುದು, ದಾರಿಯಲ್ಲಿ ಸೋರಿಹೋಗುವ ಪ್ರಮಾಣ ಬೇರೆ. ಗಾಳಿ ಮತ್ತು ಟೈರಿನ ತಡೆ ಇದಕ್ಕೆ ಕಾರಣ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅವು ಇವೆ, ಆದರೆ 100 ಕಿಮೀ ವೇಗದಲ್ಲೂ ಎರಡೂ ಸೇರಿ ತಿನ್ನುವುದು ಎಂಜಿನ್ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ. ಗೇರ್‌ಬಾಕ್ಸ್ ಒಳಗಿನ ತಿಕ್ಕಾಟದಲ್ಲೂ ಸ್ವಲ್ಪ ಹೋಗುತ್ತದೆ. ದೊಡ್ಡ ಸೋರಿಕೆ ಇರುವುದು ಬೇರೆ ಕಡೆ.

ಮೊದಲ ಎರಡು ಸೆಕೆಂಡು: ಟೈರಿನ ಹಿಡಿತ

ನಿಂತ ಕಾರು ಹೊರಡುವಾಗ ಎಂಜಿನ್‌ನಲ್ಲಿ ಎಷ್ಟು ಬಲವಿದ್ದರೂ ಟೈರು ಹಿಡಿದಷ್ಟೇ ಲೆಕ್ಕ. ಸಾಮಾನ್ಯ ರಸ್ತೆ ಟೈರು ಒಣ ಡಾಂಬರಿನ ಮೇಲೆ ಹೆಚ್ಚೆಂದರೆ ತನ್ನ ಮೇಲೆ ಬಿದ್ದ ಭಾರದಷ್ಟೇ ಬಲದಿಂದ ಕಾರನ್ನು ತಳ್ಳಬಲ್ಲದು. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಒಂದು ತೊಂದರೆ ಇದೆ. ಜೋರಾಗಿ ಹೊರಟ ಕೂಡಲೇ ಕಾರಿನ ಮೂತಿ ಮೇಲೇಳುತ್ತದೆ, ಭಾರ ಹಿಂದಕ್ಕೆ ಸರಿಯುತ್ತದೆ. ಮುಂದಿನ ಟೈರುಗಳ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅರ್ಧ ಭಾರ. ಲೆಕ್ಕ ಹಾಕಿದರೆ, ಎಷ್ಟೇ ಪವರ್ ತುಂಬಿದರೂ ಇಂಥ ಕಾರು ಸಾಮಾನ್ಯ ಟೈರಿನ ಮೇಲೆ ಸುಮಾರು ಐದೂಮುಕ್ಕಾಲು ಸೆಕೆಂಡಿಗಿಂತ ಬೇಗ 100 ಮುಟ್ಟುವುದು ಕಷ್ಟ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಿಗೆ ಇದೇ ಮಿತಿ ಮೂರು ಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ.

ಆಕ್ಟೇವಿಯಾ ಆರ್‌ಎಸ್‌ಗಳನ್ನೇ ನೋಡಿ. 2020ರಲ್ಲಿ ಬಂದ 245 ಪಿಎಸ್ ಕಾರಿಗೆ ಕಂಪನಿ ಹೇಳಿದ್ದು 6.6 ಸೆಕೆಂಡು. 2025ರದಕ್ಕೆ 265 ಪಿಎಸ್, ಆದರೆ 6.4 ಸೆಕೆಂಡು. 20 ಪಿಎಸ್ ಜಾಸ್ತಿ ಕೊಟ್ಟು ಗಳಿಸಿದ್ದು 0.2 ಸೆಕೆಂಡು, ಯಾಕೆಂದರೆ ಎರಡೂ ಮುಂದಿನ ಚಕ್ರದ ಕಾರುಗಳು.

ಹಳೆಯ ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ ಈ ಮೊದಲ ಎರಡು ಸೆಕೆಂಡು ಪೂರ್ತಿ ಚಾಲಕನ ಕಾಲಿನ ಮೇಲೆ ನಿಂತಿದೆ. ಮೂರು ಸಾವಿರ ಆರ್‌ಪಿಎಂ ಹಿಡಿದು ಕ್ಲಚ್ ಬಿಡಬೇಕು. ಬೇಗ ಬಿಟ್ಟರೆ ಟೈರು ಕಿರ್ರೆಂದು ನಿಂತಲ್ಲೇ ತಿರುಗುತ್ತದೆ, ಸ್ಟೀರಿಂಗ್ ಕೈಯಲ್ಲಿ ಎಡಕ್ಕೂ ಬಲಕ್ಕೂ ಜಗ್ಗುತ್ತದೆ. ನಿಧಾನ ಬಿಟ್ಟರೆ ಆರ್‌ಪಿಎಂ ಕುಸಿದು ಟರ್ಬೊ ಸುಮ್ಮನಾಗಿ ಕಾರು ಮುಗ್ಗರಿಸುತ್ತದೆ. ಪಳಗಿದ ಚಾಲಕನಿಗೂ ಹೊಸಬನಿಗೂ ಒಂದೇ ಕಾರಿನಲ್ಲಿ ಒಂದು ಸೆಕೆಂಡು ವ್ಯತ್ಯಾಸ ಬರುವುದು ಇಲ್ಲೇ. ಹೊಸ ಪರ್ಫಾರ್ಮೆನ್ಸ್ ಕಾರುಗಳಲ್ಲಿ ಈ ಕೆಲಸವನ್ನು ಲಾಂಚ್ ಕಂಟ್ರೋಲ್ ಮಾಡುತ್ತದೆ. ಬ್ರೇಕ್ ಒತ್ತಿ ಹಿಡಿದು, ಆಕ್ಸಿಲರೇಟರ್ ಪೂರ್ತಿ ತುಳಿದು, ಬ್ರೇಕ್ ಬಿಟ್ಟರೆ ಸಾಕು. ಟೈರು ಜಾರುವ ಅಂಚಿನಲ್ಲಿ ಎಷ್ಟು ಬಲ ಬಿಡಬೇಕು ಅಂತ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಗೇರ್ ಬದಲಿಸುವ ಹೊತ್ತು

ಮ್ಯಾನ್ಯುಯಲ್‌ನಲ್ಲಿ ಕ್ಲಚ್ ತುಳಿದು ಗೇರ್ ಬದಲಿಸಿ ಮತ್ತೆ ಬಿಡುವಷ್ಟು ಹೊತ್ತು ಚಕ್ರಕ್ಕೆ ಬಲವೇ ಹೋಗುವುದಿಲ್ಲ. ಚುರುಕಾದ ಕೈಯಾದರೂ ಒಂದು ಬದಲಾವಣೆಗೆ ಅರ್ಧ ಸೆಕೆಂಡು. 100 ಮುಟ್ಟುವುದರೊಳಗೆ ಸಾಮಾನ್ಯವಾಗಿ ಎರಡು ಸಲ ಬದಲಿಸಬೇಕು. ಅಲ್ಲಿಗೆ ಒಂದು ಸೆಕೆಂಡು ಹೋಯಿತು.

ವರ್ಟಸ್ ಜಿಟಿಯಲ್ಲಿ ಸಿಗುವ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರ್ ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ಬಲ ತುಂಡಾಗುವುದೇ ಇಲ್ಲ ಅನ್ನಬಹುದು. ಎಂಜಿನ್ ಪವರ್ ಒಂದೇ ಆಗಿದ್ದೂ ಹೊಸ ಕಾರು ಮುಂದೆ ಹೋಗುವುದಕ್ಕೆ ಇದು ದೊಡ್ಡ ಕಾರಣ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೆಲವು ಕಾರುಗಳ ಎರಡನೇ ಗೇರ್ 100ಕ್ಕೆ ಸ್ವಲ್ಪ ಮೊದಲೇ, 97 ಅಥವಾ 98ಕ್ಕೆ ಮುಗಿದುಬಿಡುತ್ತದೆ. ಆ ಎರಡು ಕಿಮೀಗಾಗಿ ಮೂರನೇ ಗೇರಿಗೆ ಹಾಕಲೇಬೇಕು, ಅರ್ಧ ಸೆಕೆಂಡು ಬಲಿ. ಕಾರು ನಿಧಾನವೇನಲ್ಲ, ಅಳತೆಯ ಗೆರೆ ತಪ್ಪು ಜಾಗದಲ್ಲಿ ಬಿದ್ದಿದೆ ಅಷ್ಟೇ. ಅಮೆರಿಕದವರು ಗಂಟೆಗೆ 60 ಮೈಲಿಗೆ, ಅಂದರೆ 96.5 ಕಿಮೀಗೆ ಅಳೆಯುವುದರಿಂದ ಅದೇ ಕಾರು ಅಲ್ಲಿ ಚುರುಕಾಗಿ ಕಾಣುತ್ತದೆ.

ಟಾರ್ಕ್ ಯಾವಾಗ ಸಿಗುತ್ತದೆ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಗರಿಷ್ಠ ಪವರ್ ಒಂದೇ ಆಗಿದ್ದರೂ, ಅಲ್ಲಿಗೆ ಏರುವ ದಾರಿಯಲ್ಲಿ ಯಾರು ಎಷ್ಟು ಕೊಡುತ್ತಾರೆ ಅನ್ನುವುದು ಬೇರೆ. ಹಳೆಯ ವಿಆರ್‌ಎಸ್‌ಗೆ 210 ನ್ಯೂಟನ್ ಮೀಟರ್ ಟಾರ್ಕ್, ವರ್ಟಸ್ ಜಿಟಿಗೆ 250, ಅದೂ 1,600 ಆರ್‌ಪಿಎಂನಿಂದಲೇ ಶುರುವಾಗಿ 3,500ರ ತನಕ. ನಡುವಿನ ಆರ್‌ಪಿಎಂಗಳಲ್ಲಿ ಹೊಸ ಎಂಜಿನ್ ಹಳೆಯದಕ್ಕಿಂತ ಸುಮಾರು ಐದನೇ ಒಂದು ಪಾಲು ಜಾಸ್ತಿ ತಳ್ಳುತ್ತದೆ. ನಾವು ದಿನಾ ಕಾರು ಓಡಿಸುವುದು ಈ ನಡುವಿನಲ್ಲೇ, ಆರ್‌ಪಿಎಂ ಮೀಟರಿನ ಕೊನೆಯ ಕೆಂಪು ಗೆರೆಯ ಹತ್ತಿರ ಅಲ್ಲ.

ಟರ್ಬೊ ಇಲ್ಲದ ಹಳೆಯ ಎಂಜಿನ್‌ಗಳ ಗುಣವೇ ಬೇರೆ. 2000ದ ದಶಕದ ಮೊದಲಿನ ಹೋಂಡಾ ಸಿಟಿ ವಿಟೆಕ್‌ಗೆ 106 ಪಿಎಸ್ ಇತ್ತು, ಆದರೆ ಅದನ್ನು ಪೂರ್ತಿ ಕಾಣಬೇಕಾದರೆ ಆರ್‌ಪಿಎಂ ಮುಳ್ಳನ್ನು ಮೇಲೇರಿಸಲೇಬೇಕು. ಹಗುರವಾದ ಕಾರು, ಕಾಲಿಟ್ಟ ತಕ್ಷಣ ಎಂಜಿನ್ ಸ್ಪಂದಿಸುತ್ತದೆ, ಟರ್ಬೊ ಗಾಳಿ ತುಂಬಿಕೊಳ್ಳುವ ತನಕ ಕಾಯುವ ಕೆಲಸ ಇಲ್ಲ. ಆ ತಕ್ಷಣದ ಸ್ಪಂದನೆಯನ್ನು ಜನ ಇವತ್ತಿಗೂ ಮರೆತಿಲ್ಲ. ಸ್ಟಾಪ್‌ವಾಚ್ ಹಿಡಿದರೆ ಇವತ್ತಿನ ಟರ್ಬೊ ಸೆಡಾನ್ ಗೆಲ್ಲುತ್ತದೆ. ಆದರೂ ಹಳೆಯದೇ ಚುರುಕು ಅನ್ನಿಸುವುದು ಸುಳ್ಳಲ್ಲ, ಅದು ಸ್ಪಂದನೆಯ ಚುರುಕು.

ಪುಣೆಯವರಿಗೆ ಇಲ್ಲಿ ಇನ್ನೊಂದು ವಿಷಯ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ಸುಮಾರು 1% ಪವರ್ ಕಳೆದುಕೊಳ್ಳುತ್ತದೆ. ಮುಂಬೈನಲ್ಲಿ 106 ಇದ್ದದ್ದು ಇಲ್ಲಿ ನೂರರ ಹತ್ತಿರ ಬಂತು. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇನ್ನೂ ಕಡಿಮೆ. ಟರ್ಬೊ ಕಾರು ಸ್ವಲ್ಪ ಜಾಸ್ತಿ ಗಾಳಿ ಒತ್ತಿ ಈ ನಷ್ಟವನ್ನು ಬಹುಪಾಲು ತುಂಬಿಕೊಳ್ಳುತ್ತದೆ. ಹಾಗಾಗಿ ಮುಂಬೈಯಲ್ಲಿ ಅಳೆದ ಹಳೆಯ ಕಾರಿನ ಸಮಯವನ್ನು ಪುಣೆಯಲ್ಲಿ ಅಳೆದ ಹೊಸ ಕಾರಿನ ಪಕ್ಕ ಇಟ್ಟು ಮಾತಾಡುವುದು ಸರಿಯಲ್ಲ.

ದೊಡ್ಡ ಕಾರುಗಳಲ್ಲೂ ಇದೇ ಕಥೆ: ಬಿಎಂಡಬ್ಲ್ಯು ಎಂ5

ಒಂದೇ ಹೆಸರಿನ ಕಾರು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಯಿತು ಅಂತ ನೋಡಲು ಎಂ5ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೆಳಗಿನ ಸಮಯಗಳೆಲ್ಲ ಕಂಪನಿ ಹೇಳಿದ 0-100. ಇ39, ಇ60 ಅನ್ನುವುವು ಒಂದೊಂದು ತಲೆಮಾರಿಗೆ ಕಂಪನಿ ಇಟ್ಟ ಗುರುತು.

1998ರ ಇ39 ಎಂ5ಗೆ ಎಂಟು ಸಿಲಿಂಡರ್, 400 ಪಿಎಸ್, ಮ್ಯಾನ್ಯುಯಲ್ ಗೇರ್, 5.3 ಸೆಕೆಂಡು. ಆಮೇಲೆ ಬಂದ ಇ60ಗೆ ಹತ್ತು ಸಿಲಿಂಡರ್, 507 ಪಿಎಸ್, 4.7 ಸೆಕೆಂಡು. ಇದರ 520 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಸಿಗುತ್ತಿದ್ದದ್ದು 6,100 ಆರ್‌ಪಿಎಂನಲ್ಲಿ. ನಡುವಿನ ಒಂದು ತಲೆಮಾರು ಬಿಟ್ಟು ನೋಡಿದರೆ, ಎಫ್90 ಕಾರಿಗೆ 600 ಪಿಎಸ್, ಅಂದರೆ ಪವರ್ ಏರಿದ್ದು ಶೇಕಡ 18ರಷ್ಟು. ಆದರೆ ಸಮಯ 4.7ರಿಂದ 3.4ಕ್ಕೆ ಬಿತ್ತು! ಪವರ್ ಒಂದರಿಂದ ಇಷ್ಟು ಆಗುವುದಿಲ್ಲ. ಎರಡು ಟರ್ಬೊ ಬಂತು, 750 ನ್ಯೂಟನ್ ಮೀಟರ್ ಟಾರ್ಕ್ 1,800 ಆರ್‌ಪಿಎಂನಿಂದಲೇ ಸಿಕ್ಕಿತು, ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕೂ ಚಕ್ರಕ್ಕೆ ಬಲ ಹೋಯಿತು. ಮೊದಲ ಎರಡು ಸೆಕೆಂಡಿನ ಸೋರಿಕೆ ಮುಚ್ಚಿತು.

ಈಗಿನ ಜಿ90 ಎಂ5 ಹೈಬ್ರಿಡ್, ಅಂದರೆ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಕೂಡ ಇದೆ. 727 ಪಿಎಸ್, 1,000 ನ್ಯೂಟನ್ ಮೀಟರ್. ಸಮಯ? 3.5 ಸೆಕೆಂಡು, ಹಳೆಯದಕ್ಕಿಂತ 0.1 ಸೆಕೆಂಡು ನಿಧಾನ. ಬ್ಯಾಟರಿ ಸೇರಿ ತೂಕ 2,400 ಕೆಜಿ ದಾಟಿರುವುದೇ ಕಾರಣ. ಆದರೆ 200 ಕಿಮೀ ವೇಗದ ತನಕ ಅಳೆದರೆ ಹೊಸದು 10.9 ಸೆಕೆಂಡು, ಎಫ್90 11.1 ಸೆಕೆಂಡು. ಹೊರಡುವಾಗ ಟೈರು ಮತ್ತು ತೂಕ ಮುಖ್ಯ, ವೇಗ ಏರಿದ ಮೇಲೆ ಪವರ್ ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎಲೆಕ್ಟ್ರಿಕ್ ಸೆಡಾನ್‌ಗಳದ್ದು ಇನ್ನೂ ಸರಳ. ಮೋಟರ್‌ನ ಟಾರ್ಕ್ ಸೊನ್ನೆಯಿಂದಲೇ ಪೂರ್ತಿ, ಗೇರ್ ಬದಲಿಸುವ ಕೆಲಸವೇ ಇಲ್ಲ. ಎರಡು ಮೋಟರ್‌ನ ಬಿವೈಡಿ ಸೀಲ್‌ಗೆ 530 ಪಿಎಸ್, 3.8 ಸೆಕೆಂಡು. ಬ್ಯಾಟರಿ ಚಾರ್ಜ್ ಕಡಿಮೆಯಾದಾಗ ಅಥವಾ ತುಂಬಾ ಬಿಸಿಯಾದಾಗ ಇಂಥ ಕಾರುಗಳ ಬಲ ಇಳಿಯುತ್ತದೆ ಅನ್ನುವುದು ಗೊತ್ತಿರಲಿ.

ನಿಜವಾದ ರಸ್ತೆಯಲ್ಲಿ ಬೇಕಾಗುವುದು ಯಾವ ಲೆಕ್ಕ

ಸಿಗ್ನಲ್‌ನಿಂದ ಪೂರ್ತಿ ತುಳಿದು 100 ಮುಟ್ಟುವುದು ನಮ್ಮ ದಿನದ ಬದುಕಿನಲ್ಲಿ ಯಾವಾಗ ಬರುತ್ತದೆ ಹೇಳಿ? ಬರುವುದೇ ಇಲ್ಲ. ಬರುವುದು ಓವರ್‌ಟೇಕ್.

ಪುಣೆಯಿಂದ ಗೋವಾಕ್ಕೆ ನಿಪ್ಪಾಣಿ, ಆಜರಾ, ಅಂಬೋಲಿ ಹಾದಿಯಲ್ಲಿ ಹೋಗುವಾಗ ಕಬ್ಬಿನ ಹಂಗಾಮಿನಲ್ಲಿ ಏನಾಗುತ್ತದೆ ನೋಡಿ. ಮುಂದೆ ಲಾರಿ, ಅದರ ಮುಂದೆ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಎರಡೂ ಕಡೆ ಕಬ್ಬಿನ ಗರಿ ಹೊರಗೆ ಚಾಚಿಕೊಂಡಿರುತ್ತದೆ. ಡಿಎಸ್‌ಜಿ ಕಾರು ಇಂಧನ ಉಳಿಸಲು ಆಗಲೇ ಮೇಲಿನ ಗೇರಿನಲ್ಲಿ ಕೂತಿದೆ. ಆಕ್ಸಿಲರೇಟರ್ ತುಳಿದಿರಿ. ಒಂದು ಕ್ಷಣ ಏನೂ ಆಗಲ್ಲ. ಗೇರ್‌ಬಾಕ್ಸ್ ಮೂರಕ್ಕೋ ಎರಡಕ್ಕೋ ಇಳಿಯಬೇಕು, ಟರ್ಬೊ ಗಾಳಿ ತುಂಬಿಕೊಳ್ಳಬೇಕು, ಆಮೇಲೆ ಕಾರು ಚಿಮ್ಮುತ್ತದೆ. ಇದಕ್ಕೆ ಅರ್ಧದಿಂದ ಒಂದು ಸೆಕೆಂಡು ಹಿಡಿಯುತ್ತದೆ. 60 ಕಿಮೀ ವೇಗದಲ್ಲಿ ಒಂದು ಸೆಕೆಂಡು ಅಂದರೆ ಹದಿನೇಳು ಮೀಟರ್ ರಸ್ತೆ. ಹಳೆಯ ಮ್ಯಾನ್ಯುಯಲ್ ಕಾರಿನವರು ಮೊದಲೇ ಮೂರನೇ ಗೇರಿಗೆ ಇಳಿಸಿ ಆರ್‌ಪಿಎಂ ಮೇಲಿಟ್ಟುಕೊಂಡು ಕಾದಿದ್ದರೆ ಆ ಒಂದು ಸೆಕೆಂಡು ಅವರದೇ. ಐದನೇ ಗೇರಿನಲ್ಲೇ ತುಳಿದರೆ ಮಾತ್ರ ಹೊಸ ಕಾರು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತದೆ. ಹೊಸ ಕಾರಿನವರು ಓವರ್‌ಟೇಕ್‌ಗೆ ಮುಂಚೆಯೇ ಎಸ್ ಮೋಡ್‌ಗೆ (ಆರ್‌ಪಿಎಂ ಮೇಲಿಟ್ಟುಕೊಳ್ಳುವ ಸ್ಪೋರ್ಟ್ ಮೋಡ್) ಹಾಕಿದರೆ ಅಥವಾ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಗೇರ್ ಇಳಿಸಿಕೊಂಡರೆ ಆ ಕಾಯುವಿಕೆ ಬಹುಪಾಲು ಇರುವುದಿಲ್ಲ.

60ರಿಂದ 100ಕ್ಕೆ 7 ಸೆಕೆಂಡು ತೆಗೆದುಕೊಳ್ಳುವ ಕಾರು ಆ ಹೊತ್ತಿನಲ್ಲಿ ಸುಮಾರು 155 ಮೀಟರ್ ಕ್ರಮಿಸುತ್ತದೆ. 5 ಸೆಕೆಂಡಿನದು 111 ಮೀಟರ್. ಎದುರಿನಿಂದ 80ರಲ್ಲಿ ಬರುವ ಬಸ್ಸು ಕೂಡ ಅಷ್ಟಷ್ಟೇ ದೂರ ನಿಮ್ಮತ್ತ ಬಂದಿರುತ್ತದೆ. ಎರಡನ್ನೂ ಕೂಡಿಸಿದರೆ ಮೊದಲನೆಯದಕ್ಕೆ 310 ಮೀಟರ್ ಖಾಲಿ ರಸ್ತೆ ಬೇಕು, ಎರಡನೆಯದಕ್ಕೆ 220. ನಮ್ಮ ದೇಶದ ಕಾರ್ ಪತ್ರಿಕೆಗಳು 20ರಿಂದ 80, 40ರಿಂದ 100 ಅಂತ ಬೇರೆಯಾಗಿ ಅಳೆದು ಕೊಡುವುದು ಇದಕ್ಕೇ. ಕಾರು ಕೊಳ್ಳುವವರು 0-100ಗಿಂತ ಮೊದಲು ಈ ಸಾಲು ನೋಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಂದಹಾಗೆ ಈ ಲೆಕ್ಕಗಳೆಲ್ಲ ಒಬ್ಬಿಬ್ಬರು ಕೂತ ಕಾರಿನದು. ಗಣಪತಿ ಹಬ್ಬಕ್ಕೆ ಊರಿಗೆ ಹೊರಟ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಸೇರಿ 300 ಕೆಜಿ ಹತ್ತಿಸಿದರೆ 9 ಸೆಕೆಂಡಿನ ಕಾರು 11ರ ಹತ್ತಿರ ಬರುತ್ತದೆ.

ಅಳೆಯುವಾಗ ಆಗುವ ಮೋಸ

ಮೊಬೈಲ್‌ನಲ್ಲಿ ಸ್ಪೀಡೋಮೀಟರ್ ವಿಡಿಯೊ ತೆಗೆದು ಇಷ್ಟು ಸೆಕೆಂಡು ಅನ್ನುವವರು ಬಹಳ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅನ್ನುವುದು ನಿಯಮ, ಹಾಗಾಗಿ ಕಂಪನಿಗಳು ಸ್ವಲ್ಪ ಜಾಸ್ತಿಯೇ ತೋರಿಸುವಂತೆ ಇಡುತ್ತವೆ. ಮುಳ್ಳು 100 ಅಂದಾಗ ಕಾರು ನಿಜವಾಗಿ 95ರಲ್ಲಿರಬಹುದು. ಆ ಐದು ಕಿಮೀಗೆ ಇಂಥ ಕಾರಿನಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಅದೂ ಒಂದೊಂದು ಕಾರಿನಲ್ಲಿ ಒಂದೊಂದು ಥರ.

ಇಳಿಜಾರು ಕೂಡ ಹೀಗೇ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆ ಕಣ್ಣಿಗೆ ಮಟ್ಟಸವಾಗಿಯೇ ಕಾಣುತ್ತದೆ, ಆದರೆ 9 ಸೆಕೆಂಡಿನಲ್ಲಿ ಕಾಲು ಸೆಕೆಂಡು ಕದಿಯುತ್ತದೆ. ಅಮೆರಿಕದ ಪತ್ರಿಕೆಗಳು ಕಾರು ಮೊದಲ ಒಂದು ಅಡಿ ಸರಿದ ಮೇಲೆ ಗಡಿಯಾರ ಶುರುಮಾಡುವ ಪದ್ಧತಿ ಇಟ್ಟುಕೊಂಡಿವೆ, ಅಲ್ಲಿ ಇನ್ನೊಂದು 0.3 ಸೆಕೆಂಡು ಉಳಿಯುತ್ತದೆ. ಅವರ ಲೆಕ್ಕವನ್ನು ನಮ್ಮದರ ಜೊತೆ ಹೋಲಿಸಬೇಡಿ.

ವಿಬಾಕ್ಸ್, ಡ್ರ್ಯಾಗಿ ಥರದ ಜಿಪಿಎಸ್ ಉಪಕರಣ ಬಳಸಿ, ಎರಡೂ ದಿಕ್ಕಿನಲ್ಲಿ ಓಡಿಸಿ, ಸರಾಸರಿ ತೆಗೆದರೆ ಮಾತ್ರ ನಂಬಬಹುದು. ಎರಡೂ ಕಾರನ್ನು ಒಂದೇ ದಿನ, ಒಂದೇ ಜಾಗದಲ್ಲಿ, ಅಷ್ಟೇ ಜನ ಕೂರಿಸಿ ಓಡಿಸಬೇಕು. ಜಾಗ ಅಂದರೆ ಬೇರೆ ವಾಹನ ಬರದಂತೆ ಮುಚ್ಚಿದ ಜಾಗ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿ 100, ಘಾಟಿಯಲ್ಲಿ ಇನ್ನೂ ಕಡಿಮೆ, ಕ್ಯಾಮೆರಾ ಬೇರೆ. ಅದು ಅಳತೆಯ ಜಾಗ ಅಲ್ಲವೇ ಅಲ್ಲ. ಲೋಣಾವಳ ಹತ್ತಿರದ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ಡ್ರ್ಯಾಗ್ ರೇಸ್‌ಗಳು ನಡೆದಿವೆ, ಅಂಥ ಕಡೆ ಓಡಿಸಿ.

ಹಳೆಯದನ್ನು ಕೊಳ್ಳುವವರಿಗೆ

ಹಳೆಯ ಪತ್ರಿಕೆಯಲ್ಲಿ ಅಚ್ಚಾದ ಸಮಯ ಆಗಿನ ಹೊಚ್ಚಹೊಸ ಕಾರಿನದು. ಇಪ್ಪತ್ತು ವರ್ಷದಲ್ಲಿ ಟರ್ಬೊ ಪೈಪಿನ ರಬ್ಬರ್ ಬಿರುಕು ಬಿಟ್ಟಿರಬಹುದು, ಟರ್ಬೊದ ಹೆಚ್ಚಿನ ಗಾಳಿಯನ್ನು ಹೊರಳಿಸುವ ಡೈವರ್ಟರ್ ವಾಲ್ವ್ ಹರಿದಿರಬಹುದು, ಕ್ಲಚ್ ಸವೆದಿರಬಹುದು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ನ ಮೂರನೇ ಎರಡು ಭಾಗದಷ್ಟೇ ಶಕ್ತಿ, ಹಳೆಯ ಕಾರಿನ ಇಸಿಯುವನ್ನು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಅದಕ್ಕೆಂದು ಹೊಂದಿಸಿಲ್ಲ.

ನೋಡಲು ಹೋದಾಗ ಮೊದಲು ಟೈರಿನ ಪಕ್ಕ ಬಗ್ಗಿ ನಾಲ್ಕು ಅಂಕಿಯ ತಾರೀಕು ಓದಿ. 2319 ಅಂದರೆ 2019ರ 23ನೇ ವಾರ. ರಬ್ಬರ್ ಗಟ್ಟಿಯಾಗಿದ್ದರೆ ಟೈರಿನ ಗೀರು ಎಷ್ಟೇ ಆಳ ಇದ್ದರೂ ಹಿಡಿತ ಇರುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 50ಕ್ಕೆ ಬಂದು ಪೂರ್ತಿ ತುಳಿಯಿರಿ. ಎರಡು ಸಾವಿರ ಆರ್‌ಪಿಎಂ ದಾಟುತ್ತಿದ್ದಂತೆ ಬೆನ್ನು ಸೀಟಿಗೆ ಒತ್ತಬೇಕು. ಒತ್ತದೆ ಬಾನೆಟ್ ಒಳಗಿಂದ ಬುಸ್ಸೆಂದು ಸದ್ದು ಬಂದರೆ ಗಾಳಿ ಸೋರುತ್ತಿದೆ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಇಲ್ಲದ ಕಾರು ಸಿಕ್ಕಿದರೆ, ಒಳ್ಳೆಯ ಟೈರು ಹಾಕಿಸಿ, ಗೇರ್ ಸರಿಯಾಗಿ ಹಿಡಿದು ಓಡಿಸಿದರೆ, 60ರಿಂದ 100ರ ಓಟದಲ್ಲಿ ಹಳೆಯ 150 ಪಿಎಸ್ ಕಾರು ಹೊಸದರ ಬೆನ್ನ ಹಿಂದೆಯೇ ಇರುತ್ತದೆ. ನಿಂತಲ್ಲಿಂದ ಹೊರಟರೆ ಮಾತ್ರ ಹೊಸದನ್ನು ಹಿಡಿಯಲಾರದು.